ಲೀನ್ ಚಿಂತನೆ, ಮನುಷ್ಯ ಗುಣ ಮತ್ತು ಮಾರಾಟ: ಉತ್ತರ ಕನ್ನಡದ ವ್ಯಾಪಾರಸ್ಥರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿ, ಕುಮಟಾ, ಕಾರವಾರದ ಕಡೆ ಸಣ್ಣ ವ್ಯಾಪಾರ ಮಾಡುವವರ ಜೊತೆ ಕೂತಾಗಲೆಲ್ಲ ಇವೇ ಪ್ರಶ್ನೆಗಳು ತಿರುಗಿ ಬರುತ್ತವೆ. ಹಪ್ಪಳದ ಸಂಘದವರು, ಹೋಮ್‌ಸ್ಟೇಯವರು, ಬೈಕ್ ಶೋರೂಮಿನ ಹುಡುಗರು, ಕಿರಾಣಿ ಅಂಗಡಿಯವರು ಎಲ್ಲರೂ ಕೇಳುತ್ತಾರೆ. ಅದಕ್ಕೆ ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ. ಮೊದಲಿಂದ ಓದಲೇಬೇಕು ಅಂತಿಲ್ಲ, ನಿಮ್ಮ ಪ್ರಶ್ನೆ ಎಲ್ಲಿದೆಯೋ ಅಲ್ಲಿಗೇ ಹೋಗಿ.

ಲೀನ್ ಅಂದ್ರೆ ಏನು? ಎರಡೇ ಮಾತಲ್ಲಿ ಹೇಳಿ.

ಗಿರಾಕಿಗೆ ಬೇಕಾದದ್ದನ್ನು, ಬೇಕಾದಾಗ, ಬೇಕಾದಷ್ಟೇ ಕೊಡುವುದು. ಅವರಿಗೆ ಉಪಯೋಗಕ್ಕೆ ಬಾರದ ಖರ್ಚು, ಓಡಾಟ, ಕಾಯುವಿಕೆಗಳನ್ನು ಸ್ವಲ್ಪ ಸ್ವಲ್ಪವಾಗಿ ತೆಗೆಯುತ್ತ ಹೋಗುವುದು.

ಇದು ಬೆಳೆದದ್ದು ಜಪಾನಿನ ಟೊಯೋಟ ಕಂಪನಿಯಲ್ಲಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅವರ ಹತ್ತಿರ ದುಡ್ಡೂ ಇರಲಿಲ್ಲ, ಸಾಮಾನು ತುಂಬಿಡಲು ಜಾಗವೂ ಇರಲಿಲ್ಲ. ತೈಚಿ ಓನೊ ಅನ್ನುವ ಎಂಜಿನಿಯರ್ ಆ ಬಡತನದಲ್ಲೇ ಕೆಲಸ ಮಾಡುವ ಹೊಸ ರೀತಿ ಕಟ್ಟಿದರು. 1988ರಲ್ಲಿ ಜಾನ್ ಕ್ರಾಫ್ಚಿಕ್ ಅನ್ನುವ ಸಂಶೋಧಕ ಅದಕ್ಕೆ ಲೀನ್ ಅಂತ ಹೆಸರಿಟ್ಟರು. ನಮ್ಮ ರಾಜ್ಯದಲ್ಲೇ ಬಿಡದಿಯಲ್ಲಿ ಟೊಯೋಟ ಕಿರ್ಲೋಸ್ಕರ್ ಕಾರ್ಖಾನೆ ಇದೆ. ಹಾಗಾಗಿ ಇದು ನಾವು ಕಂಡು ಕೇಳರಿಯದ ದೂರದ ಸಂಗತಿಯೇನಲ್ಲ.

ಅದು ಕಾರು ಫ್ಯಾಕ್ಟರಿಯ ವಿಷಯ. ಅಂಗಡಿ ಇಟ್ಟವನಿಗೆ, ಮಾರಾಟಕ್ಕೆ ಓಡಾಡುವವನಿಗೆ ಅದರಿಂದ ಏನು?

ಈ ಯೋಚನೆಯ ಒಂದು ಮುಖ್ಯ ಭಾಗ ಫ್ಯಾಕ್ಟರಿಗೆ ಹೋದದ್ದೇ ಅಂಗಡಿಯಿಂದ. ಅಮೆರಿಕದ ಸೂಪರ್ ಮಾರ್ಕೆಟ್ ನಡೆಯುವ ರೀತಿ ಓನೊ ಅವರ ಗಮನ ಸೆಳೆಯಿತು. ಗಿರಾಕಿ ಕಪಾಟಿನಿಂದ ತನಗೆ ಬೇಕಾದದ್ದನ್ನು ಎತ್ತಿಕೊಳ್ಳುತ್ತಾನೆ. ಖಾಲಿಯಾದ ಜಾಗಕ್ಕೆ ಅಷ್ಟೇ ಸಾಮಾನು ಬಂದು ಕೂರುತ್ತದೆ. ಕಾರಿನ ಬಿಡಿಭಾಗಗಳನ್ನೂ ಹೀಗೇ ತರಿಸಬಹುದಲ್ಲ ಅಂತ ಅವರು ಯೋಚಿಸಿದರು. ಅಂದರೆ ನಾವು ಯಾರದ್ದೋ ವಿದ್ಯೆ ಎರವಲು ತರುತ್ತಿಲ್ಲ, ಅಂಗಡಿಯದ್ದನ್ನೇ ಅಂಗಡಿಗೆ ವಾಪಸ್ ತರುತ್ತಿದ್ದೇವೆ.

ಗಿರಾಕಿಗೆ ಏನು ಬೇಕು ಅಂತ ನಮಗೆ ಗೊತ್ತೇ ಇದೆಯಲ್ವಾ?

ಗೊತ್ತಿದೆ ಅನ್ನಿಸುತ್ತದೆ. ಕೇಳಿ ನೋಡಿದರೆ ಬೇರೆಯೇ ಹೊರಡುತ್ತದೆ.

ಕಾಳುಮೆಣಸು ತಗೊಳ್ಳಿ. ಬೆಂಗಳೂರಿನ ಮನೆಯೊಂದಕ್ಕೆ 100 ಗ್ರಾಂ ಸಾಕು, ಆದರೆ ಕಸ ಕಡ್ಡಿ ಇರಬಾರದು, ಡಬ್ಬಿ ಚೊಕ್ಕ ಇರಬೇಕು. ಮಸಾಲೆ ಪುಡಿ ಮಾಡುವವರಿಗೆ ಖಾರ ಮತ್ತು ಪರಿಮಳ ಮುಖ್ಯ, ಕಾಳು ಸ್ವಲ್ಪ ಸಣ್ಣದಿದ್ದರೂ ನಡೆಯುತ್ತದೆ. ದೊಡ್ಡ ವ್ಯಾಪಾರಿ ಮೊದಲು ಕೇಳುವುದು ತೇವಾಂಶ ಎಷ್ಟು, ಲೀಟರ್ ತೂಕ (ಒಂದು ಲೀಟರ್ ಅಳತೆಯ ಕಾಳಿನ ತೂಕ) ಎಷ್ಟು ಅಂತ. ಮೂವರಿಗೂ ನಾವು ಒಂದೇ ಭಾಷಣ ಹೊಡೆಯುತ್ತೇವೆ: "ನಮ್ಮದು ಸಾವಯವ, ಅಜ್ಜನ ಕಾಲದ ಬಳ್ಳಿ." ಮೂವರಲ್ಲಿ ಒಬ್ಬರಿಗೂ ಅದು ಅವರು ಕೇಳಿದ್ದಕ್ಕೆ ಉತ್ತರ ಅಲ್ಲ.

ಅಡಿಕೆ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಸಿ ಅಡಿಕೆ ಸುಲಿದು ಬೇಯಿಸಿ ಒಣಗಿಸಿದರೆ ರಾಶಿ, ಹಣ್ಣಾದದ್ದನ್ನು ಬಿಸಿಲಿಗೆ ಹಾಕಿ ಸುಲಿದರೆ ಚಾಲಿ. ಆಮೇಲೆ ಬೆಟ್ಟೆ, ಕೆಂಪುಗೋಟು, ಕೋಕಾ ಅಂತ ಒಂದೊಂದನ್ನೂ ಬೇರೆ ಮಾಡಿಯೇ ಟೆಂಡರಿಗೆ ಇಡುತ್ತಾರೆ. ಯಾಕೆ? ಕೊಳ್ಳುವವರು ಬೇರೆ ಬೇರೆ, ಅವರಿಗೆ ಬೇಕಾದ್ದೂ ಬೇರೆ ಬೇರೆ. ಎಲ್ಲ ಒಟ್ಟಿಗೆ ಸುರಿದರೆ ರೇಟು ಬೀಳುತ್ತದೆ. ಅಡಿಕೆಯಲ್ಲಿ ಇಷ್ಟು ಚೊಕ್ಕ ತಿಳಿದಿರುವ ನಾವು ಉಳಿದ ವ್ಯಾಪಾರದಲ್ಲಿ ಗಿರಾಕಿಗಳನ್ನೆಲ್ಲ ಒಂದೇ ರಾಶಿ ಮಾಡಿಬಿಡುತ್ತೇವೆ.

ಇದರಲ್ಲಿ ಮನುಷ್ಯ ಗುಣದ ಮಾತು ಯಾಕೆ ಬಂತು? ಲೀನ್ ಅಂದ್ರೆ ಲೆಕ್ಕಾಚಾರ ಅಲ್ವಾ?

ಈ ಎರಡನ್ನು ಬೇರೆ ಮಾಡಿದರೆ ಲೀನ್ ನಿಲ್ಲುವುದೇ ಇಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಟೊಯೋಟದವರೇ 2001ರಲ್ಲಿ ತಮ್ಮ ದಾರಿಯನ್ನು ಬರೆದಿಟ್ಟಾಗ ಎರಡು ಕಂಬ ಅಂದರು. ಒಂದು ನಿರಂತರ ಸುಧಾರಣೆ. ಇನ್ನೊಂದು ಮನುಷ್ಯರಿಗೆ ಗೌರವ. ಅವರ ಮಾರಾಟ ವಿಭಾಗ ಕಟ್ಟಿದ ಶೊತಾರೊ ಕಮಿಯಾ ಲಾಭದ ಸರದಿ ಹೀಗಿರಬೇಕು ಅನ್ನುತ್ತಿದ್ದರು: ಮೊದಲು ಗಿರಾಕಿ, ಆಮೇಲೆ ಡೀಲರ್, ಕೊನೆಗೆ ಕಾರು ಮಾಡುವವರು.

ಕಾರವಾರ, ಅಂಕೋಲಾದಲ್ಲಿ ಮನೆ ಮನೆಗೆ ಮೀನು ತರುವ ಹೆಂಗಸರನ್ನು ಗಮನಿಸಿ. ಯಾವ ಮನೆಗೆ ಸಿಗಡಿ ಆಗಿಬರುವುದಿಲ್ಲ, ಯಾರು ಸೋಮವಾರ ಮೀನು ಮುಟ್ಟುವುದಿಲ್ಲ, ಯಾರ ಮನೆಗೆ ಮುಂಬೈಯಿಂದ ಮಗ ಬಂದಿದ್ದಾನೆ, ಎಲ್ಲ ಅವರಿಗೆ ಬಾಯಿಪಾಠ. ಬುಟ್ಟಿ ಇಳಿಸುವ ಮೊದಲೇ, "ಅಕ್ಕಾ, ಇವತ್ತಿನ ಬಂಗಡೆ ಐಸಿಂದು, ನಿಮಗೆ ಬೇಡ. ನಾಳೆ ತಾಜಾ ಬಂದ್ರೆ ತಕಂಡು ಬತ್ತೆ" ಅನ್ನುತ್ತಾರೆ. ಆ ದಿನದ ವ್ಯಾಪಾರ ಹೋಯಿತು, ನಿಜ. ಆದರೆ ಆ ಮನೆಯವರು ಮರುದಿನ ಮಾರ್ಕೆಟ್ಟಿಗೆ ಹೋಗುವುದಿಲ್ಲ, ಇವರನ್ನೇ ಕಾಯುತ್ತಾರೆ. ಇವರೂ ಇಡೀ ಓಣಿ ಸುಮ್ನೆ ಸುತ್ತಬೇಕಾಗಿಲ್ಲ, ಯಾವ ಬಾಗಿಲಿಗೆ ಏನು ಒಯ್ಯಬೇಕು ಅಂತ ಗೊತ್ತು. ನಿಜ ಹೇಳುವುದು, ನೆನಪಿಟ್ಟುಕೊಳ್ಳುವುದು, ಕೊಟ್ಟ ಮಾತಿಗೆ ನಿಲ್ಲುವುದು ಬರೀ ಒಳ್ಳೆಯತನ ಅಂದುಕೊಳ್ಳಬೇಡಿ. ಅವೇ ಓಡಾಟ ಉಳಿಸುತ್ತವೆ, ಮಾಲು ಉಳಿಯದ ಹಾಗೆ ಮಾಡುತ್ತವೆ.

ನಂಬಿಕೆ ಇಲ್ಲದ ಕಡೆ ಎಷ್ಟು ಕೆಲಸ ಹೆಚ್ಚುತ್ತದೆ ನೋಡಿ. ಗಿರಾಕಿ ನಾಲ್ಕು ಅಂಗಡಿ ಸುತ್ತುತ್ತಾನೆ, ತೂಕ ಎರಡು ಸಲ ನೋಡುತ್ತಾನೆ, ಚೌಕಾಸಿ ಮಾಡುತ್ತಾನೆ, ಫೋಟೋ ಕೇಳುತ್ತಾನೆ. ನೀವು ಅಷ್ಟಕ್ಕೂ ಉತ್ತರ ಕೊಡುತ್ತ ಕೂರಬೇಕು.

ಮಾರಾಟದಲ್ಲಿ ಎಲ್ಲಕ್ಕಿಂತ ಜಾಸ್ತಿ ಪೋಲಾಗುವುದು ಏನು?

ಗಿರಾಕಿಯ ಸಮಯ. ಓನೊ ಏಳು ಬಗೆಯ ಪೋಲು ಗುರುತಿಸಿದ್ದರು: ಬೇಕಾದ್ದಕ್ಕಿಂತ ಹೆಚ್ಚು ತಯಾರಿಸುವುದು, ಕಾಯುವುದು, ಸಾಗಿಸುವುದು, ಅತಿಯಾದ ಕೆಲಸ, ದಾಸ್ತಾನು, ಓಡಾಟ, ಕೆಟ್ಟ ಮಾಲು. ಫ್ಯಾಕ್ಟರಿಯಲ್ಲಿ ಹೆಚ್ಚು ತಯಾರಿಸುವುದೇ ದೊಡ್ಡ ಪಾಪ. ಸಣ್ಣ ವ್ಯಾಪಾರದಲ್ಲಿ ನಾನು ಕಂಡ ಮಟ್ಟಿಗೆ ಗಿರಾಕಿಯನ್ನು ಕಾಯಿಸುವುದೇ ಮೊದಲನೆಯದು.

ಹಪ್ಪಳ ಮಾರುವ ಒಂದು ಸಂಘದ ಆರ್ಡರ್ ಹೇಗೆ ಸಾಗುತ್ತದೆ ಅಂತ ಬರೆದು ನೋಡೋಣ. ಬುಧವಾರ ಬೆಳಿಗ್ಗೆ ವಾಟ್ಸಾಪಿನಲ್ಲಿ, "ಹಲಸಿನ ಹಪ್ಪಳ ಇದೆಯಾ?" ಅಂತ ಮೆಸೇಜ್ ಬಂತು. ಫೋನ್ ಇರುವವರು ತೋಟಕ್ಕೆ ಹೋಗಿದ್ದರು, ಸಂಜೆ "ಇದೆ" ಅಂದರು. ರೇಟು ಹೇಳಲಿಲ್ಲ. ಗುರುವಾರ ರೇಟು ಕೇಳಿದರು. ಶುಕ್ರವಾರ ರೇಟು ಹೋಯಿತು, ಕೊರಿಯರ್ ಖರ್ಚು ಸೇರಿರಲಿಲ್ಲ. ಮತ್ತೆ ಪ್ರಶ್ನೆ, ಮತ್ತೆ ಉತ್ತರ. ಶನಿವಾರ ದುಡ್ಡು ಬಂತು. ಪಿನ್‌ಕೋಡ್ ಇರಲಿಲ್ಲ. ಸೋಮವಾರ ಪ್ಯಾಕ್ ಆಯಿತು. ಮಂಗಳವಾರ ಯಾರೋ ಪೇಟೆಗೆ ಹೋಗುವವರಿದ್ದರು, ಅವರ ಕೈಯಲ್ಲಿ ಕಳಿಸಿದರು.

ಏಳು ದಿನ. ಕೈ ಕೆಲಸ ಮಾಡಿದ್ದು ಎಷ್ಟು ಹೊತ್ತು? ಅರ್ಧ ಗಂಟೆಯೂ ಇಲ್ಲ. ಉಳಿದದ್ದೆಲ್ಲ ಕಾಯುವಿಕೆ. ಇಲ್ಲಿ ಯಾರೂ ಸೋಮಾರಿಗಳಲ್ಲ. ಮೊದಲ ಉತ್ತರದಲ್ಲೇ ಏನೇನು ಹೇಳಬೇಕು ಅಂತ ಯಾರೂ ಕೂತು ತೀರ್ಮಾನಿಸಿರಲಿಲ್ಲ, ಅಷ್ಟೇ. ತೂಕ, ರೇಟು, ಕೊರಿಯರ್ ಖರ್ಚು, ಯಾವ ದಿನ ಕಳಿಸುತ್ತೇವೆ, ಪಿನ್‌ಕೋಡ್ ಸಮೇತ ವಿಳಾಸ ಕೊಡಿ. ಇಷ್ಟನ್ನು ಒಮ್ಮೆ ಟೈಪ್ ಮಾಡಿಟ್ಟರೆ ನಾಲ್ಕು ದಿನದ ಮಾತುಕತೆ ಒಂದೇ ಮೆಸೇಜಿನಲ್ಲಿ ಮುಗಿಯುತ್ತದೆ. ವಾರದಲ್ಲಿ ಎರಡೇ ದಿನ ಪಾರ್ಸೆಲ್ ಹೋಗುವುದಾದರೆ ಆ ಎರಡು ದಿನ ಯಾವುವು ಅಂತ ಮೊದಲೇ ಹೇಳಿ. ತಡವಾದದ್ದಕ್ಕೆ ಸಿಟ್ಟಾಗುವವರಿಗಿಂತ ಯಾವಾಗ ಬರುತ್ತದೆ ಅಂತ ಗೊತ್ತಾಗದೆ ಸಿಟ್ಟಾಗುವವರೇ ಜಾಸ್ತಿ.

ನನಗೆ ಮಾತು ಬರುವುದಿಲ್ಲ, ಸಂಕೋಚ. ನಾನು ಮಾರಾಟ ಮಾಡಬಹುದಾ?

ಖಂಡಿತ ಮಾಡಬಹುದು. ಮಾತು ಜಾಸ್ತಿ ಇದ್ದವರಿಗಿಂತ ಒಂದು ಹೆಜ್ಜೆ ಮುಂದೆಯೇ ಇದ್ದೀರಿ, ಯಾಕೆಂದರೆ ನಿಮಗೆ ಕೇಳಿಸಿಕೊಳ್ಳಲು ಬರುತ್ತದೆ. ಭಾಷಣ ಬಾಯಿಪಾಠ ಮಾಡಬೇಡಿ. ಮೂರು ಪ್ರಶ್ನೆ ರೂಢಿ ಮಾಡಿಕೊಳ್ಳಿ. ಯಾರಿಗೆ ಬೇಕಿತ್ತು? ಯಾವಾಗ ಬೇಕು? ಇಷ್ಟು ದಿನ ಯಾವುದು ತಗೊಳ್ತಿದ್ರಿ, ಅದರಲ್ಲಿ ಏನು ಸರಿ ಇರಲಿಲ್ಲ? ಮೂರನೆಯದು ಕೇಳಿದ ಮೇಲೆ ಸುಮ್ಮನಿರಿ. ಗಿರಾಕಿ ಯೋಚಿಸಲಿ. ಆ ಹೊತ್ತನ್ನು ಮಾತಿನಿಂದ ತುಂಬಬೇಕು ಅಂತ ಚಡಪಡಿಸುವವರೇ ಜಾಸ್ತಿ ವ್ಯಾಪಾರ ಕಳೆದುಕೊಳ್ಳುತ್ತಾರೆ.

ಪಾರ್ಸೆಲ್ ಒಡೆಯಿತು, ಸೋರಿತು ಅಂತ ದೂರು ಬರುತ್ತಿದೆ. ದುಡ್ಡು ವಾಪಸ್ ಕೊಟ್ಟರೆ ಸಾಕಲ್ವಾ?

ದುಡ್ಡು ಮೊದಲು ಕೊಟ್ಟುಬಿಡಿ, ಅದರಲ್ಲಿ ವಾದ ಬೇಡ. ಆಮೇಲೆ ಕೆಲಸ ಶುರು.

ಟೊಯೋಟ ಮನೆತನದ ಹಿರಿಯ ಸಕಿಚಿ ಟೊಯೊಡ ಮಗ್ಗ ಮಾಡುತ್ತಿದ್ದವರು. ಅವರ ಮಗ್ಗದಲ್ಲಿ ಎಳೆ ಕಡಿದರೆ ಮಗ್ಗ ತಾನಾಗಿ ನಿಲ್ಲುತ್ತಿತ್ತು. ಕೆಟ್ಟ ಬಟ್ಟೆ ಮಾರುದ್ದ ನೇಯ್ದು ಆಮೇಲೆ ಬಿಸಾಡುವ ಪ್ರಮೇಯವೇ ಇಲ್ಲ. ತಪ್ಪು ಕಂಡ ಕೂಡಲೇ ನಿಲ್ಲಿಸು, ಐದು ಸಲ ಯಾಕೆ ಅಂತ ಕೇಳು ಅನ್ನುವ ರೂಢಿಯನ್ನೂ ಅವರ ಹೆಸರಿಗೇ ಹೇಳುತ್ತಾರೆ.

ಜೋನಿ ಬೆಲ್ಲದ, ಅಂದರೆ ನೀರು ಬೆಲ್ಲದ, ಬಾಟಲಿ ಸೋರಿತು ಅಂದುಕೊಳ್ಳಿ. ಯಾಕೆ ಸೋರಿತು? ಮುಚ್ಚಳ ಉಬ್ಬಿ ಸಡಿಲಾಯಿತು. ಯಾಕೆ ಉಬ್ಬಿತು? ಒಳಗೆ ಬೆಲ್ಲ ಹುಳಿ ಬಂದು ಗಾಳಿ ಕಟ್ಟಿತು. ಹುಳಿ ಯಾಕೆ ಬಂತು? ತೊಳೆದ ಬಾಟಲಿಯಲ್ಲಿ ನೀರಿನ ಪಸೆ ಉಳಿದಿತ್ತು. ಪಸೆ ಯಾಕೆ ಉಳಿಯಿತು? ತೊಳೆದ ದಿನವೇ ತುಂಬಿದರು. ಅದೇ ದಿನ ಯಾಕೆ ತುಂಬಿದರು? ಆರ್ಡರ್ ಬಂದ ಮೇಲೆಯೇ ಬಾಟಲಿ ತೊಳೆಯುವ ಅಭ್ಯಾಸ.

ಈಗ ನೋಡಿ. ಮೊದಲ ಉತ್ತರಕ್ಕೇ ನಿಂತಿದ್ದರೆ ಮುಚ್ಚಳದ ಮೇಲೆ ಟೇಪು ಸುತ್ತುತ್ತಿದ್ದೆವು, ಕೊರಿಯರ್‌ನವರನ್ನು ಬೈಯುತ್ತಿದ್ದೆವು. ಐದನೆಯದಕ್ಕೆ ಬಂದರೆ ಖರ್ಚೇ ಇಲ್ಲದ ಪರಿಹಾರ ಸಿಕ್ಕಿತು: ಬಾಟಲಿ ಮೊದಲೇ ತೊಳೆದು ಬಿಸಿಲಿಗೆ ಬೋರಲು ಹಾಕಿ, ಪೂರ್ತಿ ಒಣಗಿದ್ದನ್ನೇ ಮುಚ್ಚಿಡುವುದು. ಎಲ್ಲ ಸಲವೂ ಕಾರಣ ಇದೇ ಇರುವುದಿಲ್ಲ. ಪಾಕ ತೆಳುವಾಗಿರಬಹುದು, ಬಾಟಲಿಯ ಕುತ್ತಿಗೆಯವರೆಗೆ ತುಂಬಿರಬಹುದು. ಬಾಟಲಿ ಕೈಯಲ್ಲಿ ಹಿಡಿದು ನೋಡದೆ, ಕೂತಲ್ಲೇ ಊಹೆ ಮಾಡಬೇಡಿ. ಇನ್ನೊಂದು ಮಾತು. ಐದು ಯಾಕೆಗಳಲ್ಲಿ ಒಂದಕ್ಕೂ ಉತ್ತರ ಒಬ್ಬರ ಹೆಸರು ಆಗಿರಬಾರದು. "ಅವಳು ಸರಿ ತೊಳೆಯಲಿಲ್ಲ" ಅಂದಲ್ಲಿಗೆ ವಿಚಾರಣೆ ನಿಂತುಹೋಗುತ್ತದೆ, ಮುಂದಿನ ಸಲ ಯಾರೂ ನಿಜ ಹೇಳುವುದಿಲ್ಲ.

ಲೀನ್‌ನಲ್ಲಿ ದಾಸ್ತಾನು ಇಡಬಾರದು ಅಂತಾರೆ. ಹಲಸು ವರ್ಷಕ್ಕೆ ಒಂದೇ ಸಲ ಬರುವುದು, ಮಳೆಯಲ್ಲಿ ಹಪ್ಪಳ ಒಣಗುವುದಿಲ್ಲ. ಏನು ಮಾಡೋಣ?

ಬಹಳ ಒಳ್ಳೆಯ ಪ್ರಶ್ನೆ. ದಾಸ್ತಾನು ಬೇಡ ಅನ್ನುವುದನ್ನು ಶಾಸ್ತ್ರದ ಹಾಗೆ ಹಿಡಿಯಬೇಡಿ. ಟೊಯೋಟವೇ 2011ರ ಭೂಕಂಪದ ಮೇಲೆ ಪಾಠ ಕಲಿತು, ಸುಲಭಕ್ಕೆ ಸಿಗದ ಚಿಪ್‌ಗಳನ್ನು ತಿಂಗಳುಗಟ್ಟಲೆಗೆ ಸಾಕಾಗುವಷ್ಟು ಇಟ್ಟುಕೊಳ್ಳಲು ಪೂರೈಕೆದಾರರಿಗೆ ಹೇಳಿತು. 2021ರಲ್ಲಿ ಚಿಪ್ ಇಲ್ಲದೆ ಬೇರೆ ಕಂಪನಿಗಳ ಕೆಲಸ ನಿಂತಾಗ ಟೊಯೋಟ ಹೆಚ್ಚು ಕಾಲ ತಾಳಿಕೊಂಡಿತು.

ನಮ್ಮ ಕರಾವಳಿಗೂ ಇದು ಗೊತ್ತಿದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಅದಕ್ಕೇ ಮಳೆಗೆ ಮೊದಲೇ ಮೀನು ತಿನ್ನುವವರ ಮನೆಗೆ ಒಣಮೀನು ಬಂದಿರುತ್ತದೆ. ಇದು ಪೋಲಲ್ಲ, ಅಗತ್ಯ.

ಪೋಲಾಗುವುದು ಅಂದಾಜಿಲ್ಲದ ದಾಸ್ತಾನು. ಹಲಸು ಜಾಸ್ತಿ ಬಿಟ್ಟಿದೆ ಅಂತ ಹಪ್ಪಳ ಜಾಸ್ತಿ ಮಾಡುತ್ತೇವೆ. ಅದು ಮರ ನೋಡಿ ಮಾಡಿದ ಲೆಕ್ಕ, ಗಿರಾಕಿಯನ್ನು ನೋಡಿ ಮಾಡಿದ್ದಲ್ಲ. ಕಳೆದ ವರ್ಷ ಯಾವ ತಿಂಗಳು ಎಷ್ಟು ಹೋಯಿತು, ದೀಪಾವಳಿಯ ಹೊತ್ತಿಗೆ ಎಷ್ಟು ಉಳಿಯಿತು, ಎಷ್ಟು ಮುಗ್ಗಿತು ಅಂತ ಬರೆದಿದ್ದರೆ ಈ ವರ್ಷದ ಅಳತೆ ಸಿಗುತ್ತದೆ. ಹಳೇ ಗಿರಾಕಿಗಳಿಗೆ ಮಾರ್ಚ್‌ನಲ್ಲೇ ಫೋನ್ ಮಾಡಿ ಎಷ್ಟು ಬೇಕು ಕೇಳಿ. ಅಂಕೋಲೆಯ ಕರಿ ಈಶಾಡ ಮಾವಿನ ಹಣ್ಣಿನಂಥ ಕೆಲವೇ ವಾರ ಸಿಗುವ ಮಾಲಿಗಂತೂ ಮುಂಗಡ ಆರ್ಡರ್ ಇಲ್ಲದೆ ವ್ಯಾಪಾರ ಕಷ್ಟ. ತೊಡದೇವಿನಂಥ ಸಿಹಿತಿಂಡಿಯನ್ನು ಮಾತ್ರ ಆರ್ಡರ್ ಬಂದ ಹಾಗೆ ಮಾಡಿ. ಅದಕ್ಕೆ ದಾಸ್ತಾನು ಯಾಕೆ?

ನಮ್ಮದು ಹೋಮ್‌ಸ್ಟೇ. ಮಳೆಗಾಲದಲ್ಲಿ ಉಂಬಳ (ಜಿಗಣೆ) ಇದೆ, ನೆಟ್‌ವರ್ಕ್ ಇಲ್ಲ ಅಂತ ನಿಜ ಹೇಳಿದರೆ ಯಾರು ಬರುತ್ತಾರೆ?

ಅದು ಬೇಕು ಅನ್ನುವವರು ಬರುತ್ತಾರೆ. ಬೇಡದವರು ಬಂದು ಏನಾಗಬೇಕು? ಉಂಬಳ ಕಂಡು ರಾತ್ರಿಯೇ ಹೊರಟವರಿಗೆ ದುಡ್ಡು ವಾಪಸ್ ಕೊಡಬೇಕು, ಅವರು ಬರೆದ ಒಂದು ಸ್ಟಾರಿನ ವಿಮರ್ಶೆ ವರ್ಷಗಟ್ಟಲೆ ಅಲ್ಲೇ ಇರುತ್ತದೆ, ಆ ಕೋಣೆ ಬೇಕಿದ್ದ ಇನ್ಯಾರಿಗೋ ಇಲ್ಲ ಅಂದಿರುತ್ತೀರಿ.

ಹೇಳುವ ರೀತಿ ಮಾತ್ರ ನಮ್ಮ ಕೈಯಲ್ಲಿದೆ. "ಜುಲೈನಲ್ಲಿ ತೋಟದಲ್ಲಿ ಉಂಬಳ ಇರುತ್ತದೆ. ಉಪ್ಪು, ಸುಣ್ಣ, ಉದ್ದ ಕಾಲುಚೀಲ ನಾವು ಕೊಡುತ್ತೇವೆ. ಫೋನ್ ಸಿಗ್ನಲ್ ಗೇಟಿನ ಹತ್ತಿರ ಮಾತ್ರ. ಘಾಟಿಯಲ್ಲಿ ಮರ ಬಿದ್ದರೆ ತಡವಾಗುತ್ತದೆ, ಹೊರಡುವ ಮೊದಲು ಒಂದು ಫೋನ್ ಮಾಡಿ, ರಸ್ತೆ ಹೇಗಿದೆ ಹೇಳುತ್ತೇವೆ." ಇಷ್ಟು ಓದಿಯೂ ಬುಕ್ ಮಾಡಿದವರು ಮನಸ್ಸು ಮಾಡಿಯೇ ಬಂದಿರುತ್ತಾರೆ. ಬಿಸಿ ಕಷಾಯ ಕೈಗೆ ಕೊಟ್ಟರೆ ಸಾಕು, ಖುಷಿಪಡುತ್ತಾರೆ.

ರಿಯಾಯಿತಿ ಕೊಡದೆ ಈಗ ಯಾರೂ ತಗೊಳ್ಳುವುದಿಲ್ಲ. ಏನು ಮಾಡಬೇಕು?

ಒಬ್ಬರಿಗೆ ಒಂದು ರೇಟು, ಇನ್ನೊಬ್ಬರಿಗೆ ಇನ್ನೊಂದು ಅಂತ ಮಾಡಬೇಡಿ. ಸಣ್ಣ ಊರಲ್ಲಿ ಅದು ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗುತ್ತದೆ. ಮೇಲಾಗಿ, ವರ್ಷಕ್ಕೆ ನಾಲ್ಕು ಸಲ ಆಫರ್ ಹಾಕಿದರೆ ಜನ ಆಫರಿಗೇ ಕಾಯುವುದನ್ನು ಕಲಿಯುತ್ತಾರೆ. ನಡುವೆ ಅಂಗಡಿ ಖಾಲಿ, ಆಫರ್ ದಿನ ಕಾಲಿಡಲು ಜಾಗ ಇಲ್ಲ. ರಿಯಾಯಿತಿ ಕೊಡುವುದಾದರೆ ನಿಮ್ಮ ಖರ್ಚು ನಿಜವಾಗಿ ಕಡಿಮೆಯಾಗುವ ಕಡೆ ಕೊಡಿ. ನಾಲ್ಕು ಬಾಟಲಿ ಒಂದೇ ಪಾರ್ಸೆಲ್‌ನಲ್ಲಿ ಹೋದರೆ ಕೊರಿಯರ್ ಉಳಿಯುತ್ತದೆ, ಆ ಉಳಿತಾಯ ಅವರಿಗೆ ಕೊಡಿ.

ಉದ್ರಿ ಕೊಡುವುದೂ ಪೋಲಿನ ಲೆಕ್ಕಕ್ಕೇ ಬರುತ್ತದಾ? ಅಡಿಕೆ ಮಾರಿದ ಮೇಲೆ ಕೊಡುತ್ತೇವೆ ಅನ್ನುವವರಿಗೆ ಇಲ್ಲ ಅನ್ನಲು ಆಗುವುದಿಲ್ಲ.

ಇಲ್ಲ ಅನ್ನಬೇಕಾಗಿಲ್ಲ. ಘಟ್ಟದ ಮೇಲಿನ ಪೇಟೆ ನಿಂತಿರುವುದೇ ಆ ನಂಬಿಕೆಯ ಮೇಲೆ. ಬೆಳೆಗಾರರ ಕೈಗೆ ದುಡ್ಡು ಬರುವುದೇ ಫಸಲು ಮಾರಿದಾಗ. ಅವರ ಕಾಲಕ್ಕೆ ನಾವು ಹೊಂದಿಕೊಳ್ಳುವುದೂ ಗಿರಾಕಿಯನ್ನು ಅರ್ಥ ಮಾಡಿಕೊಂಡ ಹಾಗೆಯೇ.

ತೊಂದರೆ ಇರುವುದು ಮುಲಾಜಿನಲ್ಲಿ. ಲೆಕ್ಕ ಸರಿ ಬರೆಯುವುದಿಲ್ಲ, ತಾರೀಕು ಕೇಳುವುದಿಲ್ಲ, ಒಳಗೊಳಗೇ ಸಿಟ್ಟು ಬೆಳೆಯುತ್ತದೆ. ಆಮೇಲೆ ಒಂದು ದಿನ ಎಲ್ಲರೆದುರು ಬಾಯಿಗೆ ಬಂದದ್ದು ಹೇಳಿಬಿಡುತ್ತೇವೆ. ಸಾಲವೂ ಬರುವುದಿಲ್ಲ, ಗಿರಾಕಿಯೂ ಬರುವುದಿಲ್ಲ. ಕೊಡುವ ದಿನವೇ, "ಹೆಗಡೇರೇ, ಇಷ್ಟಾಯ್ತು. ಚಾಲಿ ಕೊಟ್ಟ ಮೇಲೆ ಅಂದ್ರಿ, ಏಪ್ರಿಲ್ ಅಂತ ಬರ್ಕೊಳ್ಳಲಾ?" ಅಂತ ಕೇಳಿ. ಬರೆದದ್ದರ ಫೋಟೋ ಅವರಿಗೂ ಕಳಿಸಿ. ಹೀಗೆ ಕೇಳುವುದರಲ್ಲಿ ಅಗೌರವ ಏನೂ ಇಲ್ಲ.

ನಮ್ಮ ಕಂಪನಿಯಲ್ಲಿ ತಿಂಗಳ ಟಾರ್ಗೆಟ್ ಇದೆ. ಇದನ್ನೆಲ್ಲ ಹೇಗೆ ಪಾಲಿಸುವುದು?

ಟಾರ್ಗೆಟ್ ತೆಗೆಯುವುದು ನಿಮ್ಮ ಕೈಯಲ್ಲಿಲ್ಲ. ತಿಂಗಳ ಕೊನೆಯ ವಾರದ ಓಟ ಕಡಿಮೆ ಮಾಡುವುದು ನಿಮ್ಮ ಕೈಯಲ್ಲಿದೆ. ಕೊನೆಯ ವಾರ ಒತ್ತಾಯದಿಂದ ಮಾರಿದ ಬೈಕು, ಪಾಲಿಸಿ, ಫ್ರಿಜ್ ಮುಂದಿನ ತಿಂಗಳು ದೂರಾಗಿ ವಾಪಸ್ ಬರುತ್ತವೆ. ದಿನಕ್ಕೆ ಎಷ್ಟು ಜನರ ಜೊತೆ ಸರಿಯಾಗಿ ಮಾತಾಡಿದೆ, ಕೊಂಡವರಿಗೆ ವಾರದ ನಂತರ ಫೋನ್ ಮಾಡಿದೆನಾ, ಇವೆರಡನ್ನು ಬರೆದಿಡಿ. ಹಳೇ ಗಿರಾಕಿ ಕಳಿಸಿದ ಹೊಸ ಗಿರಾಕಿಗೆ ಅರ್ಧ ಮಾತೂ ಬೇಕಾಗುವುದಿಲ್ಲ.

ಕೆಲಸದ ಹುಡುಗರು ಮನಸ್ಸಿಟ್ಟು ಮಾಡುವುದಿಲ್ಲ. ಏನು ಮಾಡಲಿ?

ಅವರಿಗೆ ನಿರ್ಧಾರ ಮಾಡುವ ಅಧಿಕಾರ ಎಷ್ಟಿದೆ ಅಂತ ಮೊದಲು ನೋಡಿ. ಟೊಯೋಟ ಕಾರ್ಖಾನೆಯಲ್ಲಿ ತಪ್ಪು ಕಂಡರೆ ಯಾವ ಕೆಲಸಗಾರನೂ ಹಗ್ಗ ಎಳೆದು ಸೂಚನೆ ಕೊಡಬಹುದು, ಬೇಕಾದರೆ ಇಡೀ ಸಾಲು ನಿಲ್ಲುತ್ತದೆ. ನಿಮ್ಮ ಅಂಗಡಿಯಲ್ಲಿ ಮುಗ್ಗಿದ ಹಿಟ್ಟಿನ ಪ್ಯಾಕೆಟ್ ಬದಲಿಸಿ ಕೊಡಲು ಹುಡುಗ ನಿಮಗೆ ಫೋನ್ ಮಾಡಬೇಕಾ? ಹಾಗಿದ್ದರೆ ಗಿರಾಕಿ ಕಾಯುತ್ತಾನೆ, ಹುಡುಗನಿಗೆ ಅವಮಾನ. ಇಷ್ಟು ರೂಪಾಯಿವರೆಗೆ ನೀನೇ ತೀರ್ಮಾನ ಮಾಡು ಅಂತ ಒಂದು ಮಿತಿ ಹಾಕಿಕೊಡಿ, ಆಮೇಲೆ ಬೈಯಬೇಡಿ. ಗಿರಾಕಿಗಳು ಕೇಳಿ ಇಲ್ಲ ಅನ್ನಿಸಿಕೊಂಡು ಹೋದ ಸಾಮಾನು ಯಾವುದು ಅಂತ ಅವನಿಗೆ ಗೊತ್ತಿರುವಷ್ಟು ನಿಮಗೆ ಗೊತ್ತಿಲ್ಲ. ಸಂಜೆ ಬಾಗಿಲು ಹಾಕುವ ಮೊದಲು ಅದನ್ನು ಕೇಳಿ.

ಇದಕ್ಕೆ ಸಾಫ್ಟ್‌ವೇರ್ ಬೇಕಾ?

ಬೇಡ. ನೂರು ಪುಟದ ಒಂದು ನೋಟ್‌ಬುಕ್, ದಾರ ಕಟ್ಟಿದ ಒಂದು ಪೆನ್ ಸಾಕು.

ಒಬ್ಬಳೇ ನಡೆಸುವ ವ್ಯಾಪಾರ. ಇಷ್ಟಕ್ಕೆಲ್ಲ ಪುರುಸೊತ್ತು ಎಲ್ಲಿ? ಎಲ್ಲಿಂದ ಶುರು ಮಾಡಲಿ?

ಮೊದಲ ವಾರ ಏನನ್ನೂ ಬದಲಿಸಬೇಡಿ, ಬರೀ ಬರೆಯಿರಿ. ಯಾರು ಕೇಳಿದರು, ಏನು ಕೇಳಿದರು, ಉತ್ತರ ಎಷ್ಟು ಹೊತ್ತಿಗೆ ಹೋಯಿತು, ತಗೊಂಡರಾ, ಇಲ್ಲದಿದ್ದರೆ ಯಾಕೆ. ಒಬ್ಬೊಬ್ಬರಿಗೆ ಒಂದು ಸಾಲು ಸಾಕು. ವಾರದ ಕೊನೆಗೆ ಓದಿದರೆ ಒಂದೇ ಪ್ರಶ್ನೆ ಎಷ್ಟೋ ಸಲ ಬಂದಿರುವುದು ಕಾಣುತ್ತದೆ. ಅದಕ್ಕೆ ಉತ್ತರ ಬರೆದು ಅಂಗಡಿ ಮುಂದೆ ಹಾಕಿ, ಫೋನಿನಲ್ಲೂ ಸಿದ್ಧ ಇಡಿ. ಎರಡನೇ ವಾರ ಅತಿ ಜಾಸ್ತಿ ತಡವಾಗುವ ಒಂದೇ ಜಾಗ ಆರಿಸಿಕೊಂಡು ಅದನ್ನು ಮಾತ್ರ ಸರಿಮಾಡಿ. ಅದು ಅಭ್ಯಾಸವಾಗುವವರೆಗೆ ಇನ್ನೊಂದಕ್ಕೆ ಕೈ ಹಾಕಬೇಡಿ.

ಚೌತಿ ಹತ್ತಿರ ಬಂದಿದ್ದರೆ, ಅಥವಾ ಶಿರಸಿಯವರಿಗೆ ಮಾರಿಕಾಂಬಾ ಜಾತ್ರೆ ಎದುರಿಗಿದ್ದರೆ ಈಗ ಶುರು ಮಾಡಬೇಡಿ. ಆ ಗಡಿಬಿಡಿಯಲ್ಲಿ ಬರೆಯಲೂ ಆಗುವುದಿಲ್ಲ, ಆ ದಿನಗಳ ಲೆಕ್ಕ ಉಳಿದ ವರ್ಷಕ್ಕೆ ಹೊಂದುವುದೂ ಇಲ್ಲ. ಜಾತ್ರೆ ಮುಗಿಸಿಕೊಂಡು, ಅದರ ಮುಂದಿನ ಸೋಮವಾರದಿಂದ ಬರೆಯಲು ತೊಡಗಿ.